ಒಲೆಗೂ ಒಂದು ದಿನ ರಜೆ

14 ಅಕ್ಟೋಬರ್ 1964, ಬುಧವಾರ. ಸಂಜೆ 7

ಬಸ್ಸು ಇವತ್ತೂ ಕೈಕೊಟ್ಟಿತು. ಬನಶಂಕರಿ ಗುಡಿಯಿಂದ ಜಯನಗರದವರೆಗೆ ನಡೆದೇ ಬಂದೆ. ಕೈಯಲ್ಲಿ ಕಾರ್ಖಾನೆಯ ಆಯುಧಪೂಜೆಯ ಪೊಟ್ಟಣ, ತಲೆ ಮೇಲೆ ತುಂತುರು. ಕಡಲೆಪುರಿ ಅರ್ಧ ದಾರಿಯಲ್ಲೇ ಮೆತ್ತಗಾಯಿತು.

ಪೂಜೆ ಮಾತ್ರ ಚೆನ್ನಾಗಿ ನಡೆಯಿತು. ಟೆಸ್ಟ್ ಹೌಸಿಗೆ ನಾನೇ ಯಜಮಾನ, ನಾನೇ ಪೂಜಾರಿ. ಲೇತು, ತಕ್ಕಡಿ, ಉಕ್ಕನ್ನು ಎಳೆದು ನೋಡುವ ಯಂತ್ರ — ಎಲ್ಲಕ್ಕೂ ವಿಭೂತಿ ಎಳೆದೆ. ವೆಲ್ಡಿಂಗ್ ಶೆಡ್ಡಿನವರೂ ಕರೆದರು. ಅಲ್ಲಿ ಬೆಸುಗೆಗೆ ಕರಗಿಸುವ ರಾಡುಗಳನ್ನು ಬೆಚ್ಚಗಿಡುವ ಓವನ್ ಇನ್ನೂ ಉರಿಯುತ್ತಿತ್ತು. ರಾಡಿನ ಮೇಲಿನ ಲೇಪಕ್ಕೆ ತೇವ ತಗಲಬಾರದೆಂದು ವರ್ಷವಿಡೀ ಆರಿಸದೆ ಇಡುವುದು ರೂಢಿ.

ವೆಲ್ಡರ್ ಗುಂಡಣ್ಣ ತಲೆ ಕೆರೆದುಕೊಂಡ. "ಇದನ್ನ ಹಂಗೇ ಬಿಡೋಣ ಸಾರ್. ಇದು ಮಿಷಿನ್ ಅಲ್ಲ, ಒಲೆ."

"ಒಲೆಗೂ ಒಂದು ದಿನ ರಜೆ ಕೊಡಪ್ಪ" ಎಂದೆ. ಶೆಡ್ಡೆಲ್ಲ ನಕ್ಕಿತು. ಇವತ್ತು ಯಾವ ಆಯುಧಕ್ಕೂ ಕೆಲಸ ಹೇಳಬಾರದು, ಅಷ್ಟೇ. ಸ್ವಿಚ್ ಆರಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದು, ಒಳಗೂ ಒಂದು ಸೇವಂತಿಗೆ ಇಟ್ಟೆ. ಬಾಗಿಲು ತೆರೆದೇ ಇರಲಿ, ದೇವರಿಗೆ ಗಾಳಿ ಬೇಡವೇ ಎಂದು ಇನ್ನೊಂದು ಮಾತು ಸೇರಿಸಿದೆ.

ದಾರಿಯುದ್ದಕ್ಕೂ ನನ್ನ ಮಾತಿಗೆ ನಾನೇ ನಗುತ್ತ ಬಂದೆ. ಉಮಾಗೆ ಹೇಳಿದರೆ ಅವಳಿಗೆ ನಗು ಬರಲಿಲ್ಲ. "ಪುರಿ ಎಲ್ಲಾ ಒದ್ದೆ ಮಾಡ್ಕೊಂಡ್ ಬಂದಿದ್ದೀರಲ್ಲ" ಎಂದಳು.

16 ಅಕ್ಟೋಬರ್, ಶುಕ್ರವಾರ. ರಾತ್ರಿ 8

ಎರಡು ದಿನ ಬಿಡದೆ ಮಳೆ. ಕಾರ್ಖಾನೆ ಬೆಳಿಗ್ಗೆ ತೆರೆಯಿತು, ತೆರೆದ ಕೂಡಲೇ ಅವಸರ. ಕ್ರೇನಿಗೆ ಕಟ್ಟುವ ಹೊಸ ತೊಲೆ ಇವತ್ತೇ ತಯಾರಾಗಬೇಕಂತೆ. ತೊಲೆಯ ಎರಡು ತುದಿಗೆ ಕಿವಿಯಂತೆ ಎರಡು ದಪ್ಪ ಉಕ್ಕಿನ ತುಂಡು ಬೆಸೆಯಬೇಕು. ಆ ಕಿವಿಗಳ ತೂತಿಗೇ ಕೊಕ್ಕೆ ಹಾಕಿ ಭಾರ ಎತ್ತುವುದು. ಗುಂಡಣ್ಣನಿಗೇ ಕೊಟ್ಟರು. ಅವನ ಕೈ ಬಿದ್ದರೆ ಬೆಸುಗೆಯಲ್ಲಿ ಹೆಸರು ಇಡುವ ಹಾಗಿಲ್ಲ.

ಶುರು ಮಾಡುವ ಮುಂಚೆ ನನ್ನ ಹತ್ತಿರ ಬಂದ. "ಓವನ್ ತಣ್ಣಗೈತೆ ಸಾರ್. ರಾಡ್ ಹಸಿ ಆಗಿರ್ತವೆ. ಎರಡು ಗಂಟೆ ಕಾಯಿಸ್ಲಾ?"

ಹೊರಗೆ ಎತ್ತಬೇಕಾದ ಬಾಯ್ಲರಿನ ಡ್ರಮ್ ಬಂದು ಬಿದ್ದಿತ್ತು. ಮ್ಯಾನೇಜರ್ ತಿರುಮಲೇಶ ಎರಡು ಸಲ ಬಂದು ಗಡಿಯಾರ ನೋಡಿ ಹೋಗಿದ್ದರು. "ಹಾಕಪ್ಪ, ಹಾಕು. ಅಷ್ಟಕ್ಕೆಲ್ಲ ಏನೂ ಆಗಲ್ಲ" ಎಂದೆ.

ಸಂಜೆ ನಾಲ್ಕೂವರೆಗೆ ನಾನೇ ಹೋಗಿ ನೋಡಿದೆ. ಬೆಸುಗೆ ಮಟ್ಟಸ. ಒಂದು ತೂತಿಲ್ಲ, ಒಂದು ಬಿರುಕಿಲ್ಲ. ಸಹಿ ಹಾಕಿದೆ. ಬಸ್ಸು ಸರಿಯಾಗಿ ಬಂತು — ಆಶ್ಚರ್ಯ.

17 ಅಕ್ಟೋಬರ್, ಶನಿವಾರ

ತಿಮ್ಮರಾಯಪ್ಪ ಬಂದಿದ್ದ. ಕ್ರೇನಿನ ಕೆಳಗೆ ನಿಂತು ಭಾರ ಕಟ್ಟುವವನು. ಬೈರಸಂದ್ರದವನು; ಬೆಳಿಗ್ಗೆ ನಮಗೆ ಹಾಲು ತರುವ ಅಕ್ಕಯಮ್ಮನ ಗಂಡ. ಉಳಿದ ಒಂದು ತುಂಡು ಹೊಲದಲ್ಲಿ ಕಿತ್ತ ಹಸಿ ಕಡಲೆಕಾಯಿ, ಒಂದು ಚೀಲ ತಂದು ಜಗಲಿಗೆ ಸುರಿದ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡಿದ. "ಇಲ್ಲೇ ಸಾರ್ ನಮ್ಮಪ್ಪನ ಕಣ ಇದ್ದಿದ್ದು. ಸರ್ಯಾಗಿ ನಿಮ್ಮ ಒಲೆ ಇರೋ ಜಾಗ. ನಮ್ಮ ರಾಗಿ ಬಡಿದ ಜಾಗದಾಗೆ ಈಗ ಅಮ್ಮೋರು ಮುದ್ದೆ ತಿರುವ್ತಾರೆ." ಜೋರಾಗಿ ನಕ್ಕ. ಲೇಔಟಿಗೆಂದು ಜಮೀನು ಹೋದವರು ಹೀಗೆ ನಗಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಹೊಸ ತೊಲೆ ಹೇಗಿದೆ ಎಂದೆ. "ಸಖತ್ತಾಗೈತೆ ಸಾರ್. ಇವತ್ತು ನಲವತ್ತು ಸಲ ಎತ್ತಿದೋ" ಎಂದ.

8 ಜೂನ್ 1965, ಮಂಗಳವಾರ

ಎಷ್ಟೋ ತಿಂಗಳಾದ ಮೇಲೆ ಈ ನೋಟ್‌ಬುಕ್ ತೆಗೆದಿದ್ದೇನೆ.

ಬೆಳಿಗ್ಗೆ ಹತ್ತು ನಲವತ್ತು. ಟೆಸ್ಟ್ ಹೌಸಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಒಂದು ಸದ್ದು... ಹಲಗೆ ಮುರಿದ ಹಾಗೆ. ಅಷ್ಟೇನೂ ದೊಡ್ಡದಲ್ಲ. ಆಮೇಲೆ ಬಿದ್ದ ಸದ್ದು.

ತೊಲೆಯ ಒಂದು ಕಿವಿ ಕಿತ್ತು ಬಂದಿತ್ತು. ಡ್ರಮ್ಮಿನ ಕೆಳಗೆ ತಿಮ್ಮರಾಯಪ್ಪ.

ಓಡಿದೆ. ಏನು ಮಾಡಲಿ, ನೋಡಿದೆ. ಅವನ ಒಂದು ಚಪ್ಪಲಿ ಮಾತ್ರ ದೂರದಲ್ಲಿ, ಯಾರೋ ಬಿಟ್ಟು ಒಳಗೆ ಹೋದ ಹಾಗೆ ನೆಟ್ಟಗೆ ಇತ್ತು.

11 ಜೂನ್, ಶುಕ್ರವಾರ. ಸಂಜೆ

ಮೂರು ದಿನದೊಳಗೆ ವರದಿ ಬೇಕು ಎಂದರು ತಿರುಮಲೇಶ. ಮುರಿದದ್ದು ಬೆಸುಗೆಯ ಬುಡದಲ್ಲಿ. ಬೆಸುಗೆ ಹಾಕಿದವನು ಗುಂಡಣ್ಣ. 'ಕೈಕೆಲಸದ ದೋಷ' ಎಂದು ಬರೆದು ಸಹಿ ಹಾಕಿದೆ. ಎರಡೇ ಪುಟ. ಬರೆಯುವಾಗ ಕೈ ಎಲ್ಲೂ ನಿಲ್ಲಲಿಲ್ಲ.

ಸಂಜೆಯೇ ಅವನನ್ನು ಕೆಲಸದಿಂದ ತೆಗೆದರು. ಗೇಟಿನಲ್ಲಿ ನನ್ನನ್ನು ಕಂಡು ನಮಸ್ಕಾರ ಮಾಡಿದ. ಅಭ್ಯಾಸ ಇರಬೇಕು.

20 ಜೂನ್, ಭಾನುವಾರ

ಅಕ್ಕಯಮ್ಮ ಮತ್ತೆ ಹಾಲು ತರಲು ಶುರು ಮಾಡಿದ್ದಾಳೆ. ಆರು ಗಂಟೆಗೆ ಗೇಟಿನ ಸದ್ದು, "ಅಮ್ಮೋ, ಹಾಲು." ನಾನು ಲಿಂಗಪೂಜೆಗೆ ಕೂತಿರುತ್ತೇನೆ. ಮೊದಲು ಆರೂವರೆಗೆ ಕೂರುತ್ತಿದ್ದೆ. ಈಗ ಐದೂಮುಕ್ಕಾಲಿಗೇ. ಪೂಜೆಗೆ ಕೂತವನನ್ನು ಯಾರೂ ಬಾಗಿಲಿಗೆ ಕರೆಯುವುದಿಲ್ಲ.

ಉಮಾ ಹೇಳಿದಳು: ನಿನ್ನೆ ಅಕ್ಕಯಮ್ಮ ತಿಲಕ್ ನಗರಕ್ಕೆ ಹೋಗಿ, ಗುಂಡಣ್ಣನ ಮನೆ ಮುಂದೆ ನಿಂತು, ಹಿಡಿಮಣ್ಣು ತೂರಿ ಶಾಪ ಹಾಕಿದಳಂತೆ. "ನನ್ ಗಂಡನ್ನ ತಿಂದ ಕೈಗೆ ಹುಳ ಬೀಳ್ಲಿ" ಅಂತ. ಬೀದಿಯೆಲ್ಲ ನೋಡಿತಂತೆ.

ಅವಳಿಗೆ ಅವನ ಕೈ ಎಂದು ಹೇಳಿದವರು ಯಾರು? ನನ್ನ ಎರಡು ಪುಟ.

27 ಜೂನ್, ಭಾನುವಾರ

ತಿಲಕ್ ನಗರದ ಬಸ್ ಸ್ಟಾಪಿನಲ್ಲಿ ಗುಂಡಣ್ಣ. ತಪ್ಪಿಸಿಕೊಳ್ಳಲು ಆಗಲಿಲ್ಲ. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದಾನಂತೆ. ಬೇರೆ ಯಾವ ವರ್ಕ್‌ಶಾಪಿನವರೂ ಬೆಸುಗೆ ರಾಡು ಹಿಡಿಯುವ ಹೋಲ್ಡರ್ ಮುಟ್ಟಲು ಬಿಡುವುದಿಲ್ಲ. ಬಲಗೈ ಜೇಬಿನೊಳಗೇ ಇತ್ತು. ಬೀಡಿಯನ್ನೂ ಎಡಗೈಯಲ್ಲಿ ಹಿಡಿದಿದ್ದ.

"ಆವತ್ತು ಕೈ ನಡುಗ್ತೇನೋ ಸಾರ್" ಎಂದ. "ಎಷ್ಟು ನೆನೆಸ್ಕೊಂಡ್ರೂ ನೆನಪಾಗಲ್ಲ. ದಿನಾ ನೆನೆಸ್ಕೋತೀನಿ. ನಿಮಗೇನಾದ್ರೂ ಜ್ಞಾಪಕ ಐತಾ?"

ನನಗೂ ನೆನಪಿಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಎಂಟು ತಿಂಗಳ ಹಿಂದಿನ ಒಂದು ದಿನ ಯಾರಿಗೆ ನೆನಪಿರುತ್ತದೆ?

3 ಜುಲೈ, ಶನಿವಾರ. ಮಧ್ಯಾಹ್ನ

ಮುರಿದ ತುಂಡು ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಇವತ್ತು ತೊಳೆದು ಕನ್ನಡಕದ ಮೇಲೆ ಭೂತಗಾಜು ಹಿಡಿದು ನೋಡಿದೆ. ವರದಿ ಬರೆಯುವ ಮೊದಲು ಮಾಡಬೇಕಾದ ಕೆಲಸ. ಈಗ ಮಾಡುತ್ತಿದ್ದೇನೆ, ಬಹದ್ದೂರ್.

ಮುರಿದ ಮುಖ ಎಲ್ಲ ಒಂದೇ ಬಣ್ಣ ಇಲ್ಲ. ಒಂದು ಕಡೆ ಹೊಳಪು — ಅದು ಆ ದಿನ ಒಮ್ಮೆಲೇ ಹರಿದ ಭಾಗ. ಇನ್ನೊಂದು ಕಡೆ ಗೆರೆಗಳು, ಕೆರೆಯ ದಂಡೆಯಲ್ಲಿ ನೀರು ಇಳಿಯುತ್ತ ಬಿಟ್ಟ ಗುರುತಿನ ಹಾಗೆ, ಒಂದರ ಹಿಂದೆ ಒಂದು. ಭಾರ ಎತ್ತಿದಾಗ, ಇಳಿಸಿದಾಗ, ಬಿರುಕು ಕೂದಲೆಳೆಯಷ್ಟು ಮುಂದಕ್ಕೆ ಸರಿದಿದೆ. ಉಕ್ಕಿನ ದಣಿವು. ದಿನಕ್ಕೆ ನಲವತ್ತು ಸಲ. ಸುಮಾರು ಎಂಟು ಸಾವಿರ ಸಲ. ಎಂಟು ಸಾವಿರ ಸಲವೂ ತಿಮ್ಮರಾಯಪ್ಪ ಕೆಳಗೆ ನಿಂತಿದ್ದ.

ಆದರೆ ಗೆರೆಗಳೆಲ್ಲ ಶುರುವಾಗುವುದು ಒಂದು ಕಪ್ಪು ಚುಕ್ಕೆಯಿಂದ. ಬೆಸುಗೆಯೊಳಗಲ್ಲ, ಬೆಸುಗೆಯ ಪಕ್ಕದ ಉಕ್ಕಿನ ಒಳಗೆ, ಮೇಲ್ಮೈ ಕೆಳಗೆ. ಉಗುರಿನಷ್ಟು ಅಗಲದ ಹಳೆಯ ಬಿರುಕು. ಕೈ ನಡುಗಿದರೆ ಬಿರುಕು ಅಲ್ಲಿ ಬರುವುದಿಲ್ಲ. ಬೆಸುಗೆ ಗುಂಡಣ್ಣನ ಎಂದಿನ ಬೆಸುಗೆಯೇ, ಮಟ್ಟಸ. ಅಂಥ ಬಿರುಕು ಬರುವುದಕ್ಕೆ ಒಂದೇ ಕಾರಣ ನನಗೆ ಗೊತ್ತಿರುವುದು. ಹೈಡ್ರೋಜನ್. ಹೈಡ್ರೋಜನ್ ಬರುವುದು ತೇವದಿಂದ.

ರಾಡ್ ಒದ್ದೆಯಾಗಲು ಸಾಧ್ಯವೇ ಇಲ್ಲ. ನಮ್ಮ ಓವನ್ ವರ್ಷವಿಡೀ ಆರುವುದಿಲ್ಲವಲ್ಲ.

4 ಜುಲೈ, ಭಾನುವಾರ. ಬೆಳಿಗ್ಗೆ 11

ತೊಲೆಯ ತಾರೀಖು ಹುಡುಕಲು ಈ ನೋಟ್‌ಬುಕ್ ತಿರುವಿದೆ.

ಅಯ್ಯೋ.

ನನ್ನದೇ ಅಕ್ಷರ. ನನ್ನದೇ ಜೋಕು. ನನ್ನದೇ 'ಹಾಕಪ್ಪ, ಹಾಕು.'

4 ಜುಲೈ, ಸಂಜೆ

ಹಾಳೆ ಹರಿಯಲು ಹೋದೆ. ಮೂಲೆ ಹರಿದೂ ಆಗಿತ್ತು. ಒಂದೇ ಹಾಳೆ — ಮುಂದೆ ಆಯುಧಪೂಜೆ ಮತ್ತು ಶುಕ್ರವಾರ. ಹಿಂದೆ ತಿಮ್ಮರಾಯಪ್ಪ, ಕಡಲೆಕಾಯಿ, ಅವನ ಅಪ್ಪನ ಕಣ. ಅವನು ನಕ್ಕದ್ದು ಬೇರೆಲ್ಲೂ ಬರೆದಿಲ್ಲ.

ಗೋಂದು ಹಚ್ಚಿ ಅಂಟಿಸಿದೆ. ಉಮಾ ಏನದು ಎಂದಳು. ಹಳೇ ಪುಸ್ತಕ ಎಂದೆ.

ಗುಂಡಣ್ಣ ಕೇಳಿದ್ದ. ಕಾಯಿಸಲು ಎರಡು ಗಂಟೆ ಕೇಳಿದ್ದ. ಅವನಿಗೇ ಅದು ಮರೆತಿದೆ. ಈಗ ಅದು ಗೊತ್ತಿರುವುದು ನನಗೆ, ಈ ಹಾಳೆಗೆ. ನಾನು ಬಾಯಿ ಬಿಡದಿದ್ದರೆ ಅವನು ಸಾಯುವವರೆಗೂ ಕೈ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಬಿಟ್ಟರೆ ನಾನು... ಬರೆಯಲು ಕೂಡ ಹೆದರಿಕೆಯಾಗುತ್ತಿದೆ.

19 ಜುಲೈ, ಸೋಮವಾರ

ಖಾತ್ರಿ ಇಲ್ಲದೆ ಹೇಳುವುದು ಹೇಗೆ ಎಂದು ಒಂದು ನೆಪ ಹುಡುಕಿದ್ದೇನೆ. ಪರೀಕ್ಷೆ. ಮೇಷ್ಟರ ಹಾಗೆ ಎರಡು ಗುಂಪು ಮಾಡಿದೆ. ಒಂದು ಕಟ್ಟು ರಾಡು ಓವನ್ನಿನಿಂದ ಬಿಸಿಬಿಸಿ. ಇನ್ನೊಂದು ಕಟ್ಟನ್ನು ಎರಡು ದಿನ ಮಳೆಗಾಳಿಯಲ್ಲಿ ಕಿಟಕಿ ಮೇಲೆ ಇಟ್ಟೆ. ಗುಂಡಣ್ಣನ ಜಾಗಕ್ಕೆ ಬಂದಿರುವ ಸೀನು ಎರಡರಲ್ಲೂ ಬೆಸುಗೆ ಹಾಕಿಕೊಟ್ಟ. ಯಾಕೆಂದು ಕೇಳಲಿಲ್ಲ.

ಎರಡರಲ್ಲೂ ಒಂದೊಂದು ಚಿಕ್ಕ ತುಂಡನ್ನು ಬೆಸೆದ ತಕ್ಷಣ ನೀರಿಗೆ ಅದ್ದಿ, ಗ್ಲಿಸರಿನ್ ತುಂಬಿದ ಗಾಜಿನ ಪಾತ್ರೆಯಲ್ಲಿ ಮುಳುಗಿಸಿದೆ. ಮೇಲೆ ಬೋರಲು ಕೊಳವೆ. ಒಣ ರಾಡಿನ ತುಂಡು ಸುಮ್ಮನೆ ಮಲಗಿತು. ಹಸಿ ರಾಡಿನದು —

ಕಾಲು ಗಂಟೆಗೆ ಮೊದಲ ಗುಳ್ಳೆ. ಸಾಸಿವೆ ಕಾಳಿಗಿಂತ ಚಿಕ್ಕದು. ಗಟ್ಟಿ ಉಕ್ಕಿನೊಳಗಿಂದ. ಆಮೇಲೆ ಇನ್ನೊಂದು. ನೋಡುತ್ತ ಊಟ ಮರೆತೆ.

ಲೇಪದಲ್ಲಿದ್ದ ನೀರು ಬೆಸುಗೆಯ ಉರಿಯಲ್ಲಿ ಒಡೆಯುತ್ತದೆ. ಕರಗಿದ ಉಕ್ಕು ಹೈಡ್ರೋಜನ್ನನ್ನು ಕುಡಿಯುತ್ತದೆ. ಆರುವಾಗ ಹೊರಗೆ ಬಿಡಲಾಗದೆ ಒಳಗೇ ಇಟ್ಟುಕೊಳ್ಳುತ್ತದೆ. ಆ ಅನಿಲ ಉಕ್ಕಿನೊಳಗೆ ಮೆಲ್ಲಗೆ ಅಲೆದು, ಎಲ್ಲಿ ಹೆಚ್ಚು ಬಿಗಿತವಿದೆಯೋ ಅಲ್ಲಿ ಹೋಗಿ ಕೂರುತ್ತದೆ. ಅಲ್ಲಿ ಉಕ್ಕು ಗಾಜಿನಂತೆ ಪೆಡಸು. ಬಿರುಕು ಬೀಳುವುದು ಆಗಲೇ ಅಲ್ಲ. ಕೆಲವು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮಾರನೆಯ ದಿನ.

ನಾನು ನೋಡಿದ್ದು ನಾಲ್ಕೂವರೆಗೆ. ಆಗ ಬಿರುಕು ಇರಲಿಲ್ಲ. ನನ್ನ ಸಹಿ ಸುಳ್ಳಲ್ಲ. ನಾನು ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ, ಉಮಾ ತಟ್ಟೆ ಹಾಕುವಾಗ, ಯಾರೂ ಇಲ್ಲದ ಶೆಡ್ಡಿನಲ್ಲಿ ಆ ಬಿರುಕು ಬಿದ್ದಿದೆ.

21 ಜುಲೈ, ಬುಧವಾರ

ಗುಳ್ಳೆ ಇವತ್ತು ನಿಂತಿತು. ಎರಡು ದಿನ. ಕೊಳವೆಯ ತುದಿಯಲ್ಲಿ ಒಂದು ಬೆರಳಷ್ಟು ಗಾಳಿ.

ಅಂದರೆ ಮಾಡುವುದನ್ನು ಮಾಡಿ ಅದು ಹೊರಟುಹೋಗುತ್ತದೆ. ಡ್ರಾಯರಿನಲ್ಲಿರುವ ತುಂಡನ್ನು ಈಗ ಯಾರು ಎಷ್ಟು ಕೆದಕಿದರೂ ಹೈಡ್ರೋಜನ್ ಸಿಗುವುದಿಲ್ಲ. ಬಿರುಕು ಮಾತ್ರ ಇದೆ, ಮಾಡಿದ್ದು ಇಲ್ಲ. ನನಗೆ ಬೇಕಾಗಿದ್ದೂ ಅದೇ ಅಲ್ಲವೇ? ಸಂತೋಷ ಪಡಬೇಕಿತ್ತು.

ಕಿವಿ ಬೆಸೆದ ಕೂಡಲೇ ಒಂದಷ್ಟು ಹೊತ್ತು ಬೆಚ್ಚಗೆ ಇಟ್ಟಿದ್ದರೂ ಸಾಕಿತ್ತು, ಯಾರಿಗೂ ತೊಂದರೆ ಮಾಡದೆ ಹೋಗಿಬಿಡುತ್ತಿತ್ತು.

1 ಆಗಸ್ಟ್, ಭಾನುವಾರ

ಅಡಿಗೆಮನೆಯ ಕೆಂಪು ಗಾರೆ ನೆಲದಲ್ಲಿ ಒಂದು ಸೀಳು. ಒಲೆಯ ಕಟ್ಟೆಯಿಂದ ಹೊಸಿಲ ಕಡೆಗೆ. ಇದು ಮೊದಲೇ ಇತ್ತೇ? ಉಮಾ, ಮನೆ ಕಟ್ಟಿದಾಗಿನಿಂದ ಇದೆ ಎನ್ನುತ್ತಾಳೆ. ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಹಾಕಿದೆ. ಬೆಳೆಯುತ್ತದೋ ನೋಡಬೇಕು.

ತಿಮ್ಮರಾಯಪ್ಪನ ಅಪ್ಪನ ಕಣದ ಮೇಲಿನ ನೆಲ.

14 ಆಗಸ್ಟ್, ಶನಿವಾರ

ಉಕ್ಕಿನ ದಣಿವು ನೋಡುವ ಯಂತ್ರ ಹತ್ತು ದಿನದಿಂದ ಓಡುತ್ತಿದೆ. ಎಳೆಯುತ್ತದೆ, ಬಿಡುತ್ತದೆ. ಪಕ್ಕದಲ್ಲಿ ಲೆಕ್ಕದ ಡಬ್ಬಿ — ಟಕ್, ಟಕ್. ಒಣ ರಾಡಿನ ಮೂರು ತುಂಡು ಎರಡು ಲಕ್ಷ ಸಲ ಎಳೆದರೂ ಮುರಿಯಲಿಲ್ಲ, ನಾನೇ ನಿಲ್ಲಿಸಿದೆ. ಹಸಿ ರಾಡಿನವು ಹನ್ನೊಂದು ಸಾವಿರ, ಒಂಬತ್ತು ಸಾವಿರದ ನಾನೂರು, ಹನ್ನೆರಡು ಸಾವಿರದ ಆರುನೂರು. ಮೂರರಲ್ಲೂ ಅದೇ ಕಪ್ಪು ಚುಕ್ಕೆ. ಅದೇ ಜಾಗ. ಒಂದು ಸಲ ಬಾಯಿ ತೆರೆದ ಬಿರುಕಿಗೆ ಆಮೇಲೆ ಹೈಡ್ರೋಜನ್ ಬೇಕಿಲ್ಲ, ಪ್ರತಿ ಎಳೆತವೂ ದಾರಿಯನ್ನು ಇನ್ನಷ್ಟು ಸಲೀಸು ಮಾಡಿಕೊಡುತ್ತದೆ.

ಖಾತ್ರಿಯಾಯಿತು. ಇನ್ನು ನೆಪ ಇಲ್ಲ.

ಟಕ್ ಟಕ್ ಮನೆಗೂ ಬರುತ್ತಿದೆ. ಮೆಟ್ಟಿಲು ಎಣಿಸುತ್ತೇನೆ. ಉಮಾ ಒಗ್ಗರಣೆ ಸೌಟು ಬಡಿದದ್ದು ಎಣಿಸುತ್ತೇನೆ. ಬೆಳಿಗ್ಗೆ ಅಕ್ಕಯಮ್ಮ ಪಾತ್ರೆಗೆ ಹಾಲು ಸುರಿಯುವ ಸದ್ದು ಎಣಿಸುತ್ತೇನೆ. ಎರಡು ಪಾವು, ಮೇಲೊಂದಿಷ್ಟು ಕೊಸರು. ಜೂನ್ ಎಂಟಕ್ಕೆ ಮುಂಚೆಯೂ ಕೊಸರು ಹಾಕುತ್ತಿದ್ದಳು, ಈಗಲೂ ಹಾಕುತ್ತಾಳೆ. ಪೂಜೆಯಲ್ಲಿ ಅಂಗೈ ಬೆವರಿ ಲಿಂಗ ಜಾರುತ್ತದೆ.

29 ಆಗಸ್ಟ್, ಭಾನುವಾರ

ನೆಲದ ಸೀಳು ಬೆಳೆದಿಲ್ಲ. ಐದು ಭಾನುವಾರದ ಐದು ತಾರೀಖು ಒಂದೇ ಗೆರೆಯ ಮೇಲೆ. ಬೆಳೆದಿಲ್ಲ ಎಂದು ಗೊತ್ತಿದ್ದರೂ ಮಂಡಿಯೂರಿ ನೋಡುತ್ತಿದ್ದೆ. ಉಮಾ ಹಿಂದೆ ಬಂದು ನಿಂತಿದ್ದಳು.

"ಏನಾಗಿದೆ ನಿಮಗೆ?" ಎಂದಳು. ಧ್ವನಿಯಲ್ಲಿ ಅಳು ಇತ್ತು. "ತಿಂಗಳಿಂದ ನೋಡ್ತಾ ಇದ್ದೀನಿ. ಒಂದೋ ಡಾಕ್ಟರ್ ಹತ್ರ ಬನ್ನಿ, ಇಲ್ಲಾ ಬಾಯಿ ಬಿಟ್ಟು ಹೇಳಿ."

ಗೋಂದು ಹಚ್ಚಿದ ಹಾಳೆ ತೋರಿಸಿದೆ. ನಿಂತೇ ಓದಿದಳು. ಆವತ್ತು ತಾನು ಪುರಿ ಒದ್ದೆ ಮಾಡಿಕೊಂಡು ಬಂದಿದ್ದೀರಿ ಎಂದದ್ದನ್ನೂ ಓದಿದಳು. ಆಮೇಲೆ ಒದ್ದೆ ಬಟ್ಟೆ ತಂದು ಪೆನ್ಸಿಲ್ ಗೆರೆಗಳನ್ನೆಲ್ಲ ಒರೆಸಿ ಹಾಕಿದಳು.

"ಮೊದಲು ಕಾರ್ಖಾನೇಲಿ ಹೇಳಿ" ಎಂದಳು.

2 ಸೆಪ್ಟೆಂಬರ್, ಗುರುವಾರ

ಹೇಳಿದೆ. ಮುರಿದ ಆರು ತುಂಡು... ಅಲ್ಲ, ಮುರಿದ ಮೂರು, ಮುರಿಯದ ಮೂರು, ತಿರುಮಲೇಶರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೊಸ ವರದಿಯನ್ನೂ.

ಕೆಟ್ಟವರಲ್ಲ ಅವರು. ಪೂರ್ತಿ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ರೀ ಶಾಂತವೀರಪ್ಪ, ಮೊದಲನೇ ವರದಿಗೂ ನಿಮ್ಮದೇ ಸಹಿ. ತೊಲೆ ಪಾಸ್ ಮಾಡಿದ್ದಕ್ಕೂ ನಿಮ್ಮದೇ ಸಹಿ. ಈಗ ಮೂರನೇದು ತಂದಿದ್ದೀರಿ. ಜನ ಯಾವುದನ್ನ ನಂಬಬೇಕು?"

"ಇದನ್ನ" ಎಂದೆ.

"ಆಯುಧಪೂಜೆಗೆ ಓವನ್ ಆರಿಸಿದ್ದಕ್ಕೆ ಮನುಷ್ಯ ಸತ್ತ ಅಂತ ನಾನು ಬರೆದು ಕಳಿಸ್ಲಾ? ನಗ್ತಾರೆ. ಇಲ್ಲಾ ದೇವರಿಗೆ ಅಂದ ಹಾಗಾಗತ್ತೆ. ಗುಂಡಣ್ಣ ಹೋಗಿ ಆಯ್ತು. ತಿಮ್ಮರಾಯಪ್ಪ ವಾಪಸ್ ಬರ್ತಾನಾ? ನಿಮಗೂ ಸಂಸಾರ ಇದೆ. ಮನೆಗೆ ಹೋಗಿ."

ವರದಿಯನ್ನು ನನ್ನ ಕಡೆಗೇ ಸರಿಸಿದರು. ಬಾಗಿಲ ಹೊರಗೆ ಬಂದಾಗ ನನಗಾದದ್ದು ಏನು ಎಂದು ಇಲ್ಲಿ ಸುಳ್ಳು ಬರೆಯಬಾರದು. ಹಗುರ. ಬದುಕಿದೆ ಅನ್ನಿಸಿತು. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆ.

19 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಹದಿನೇಳು ದಿನ ಏನೂ ಬರೆಯಲಿಲ್ಲ. ರೇಡಿಯೋದಲ್ಲಿ ಯುದ್ಧದ ಸುದ್ದಿ, ಕಾರ್ಖಾನೆಯಲ್ಲಿ ಓವರ್‌ಟೈಮ್. ನನ್ನ ವಿಷಯ ಯಾರಿಗೆ ಬೇಕು ಎಂದು ಸಮಾಧಾನ ಹೇಳಿಕೊಂಡೆ. ಉಮಾ ಮಾತು ಕಡಿಮೆ ಮಾಡಿದ್ದಾಳೆ. ಹಾಲು ತೆಗೆದುಕೊಂಡು ಬಂದ ಮೇಲೆ ಪ್ರತಿ ದಿನ ನನ್ನ ಮುಖ ನೋಡುತ್ತಾಳೆ.

ಇವತ್ತು ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ತಿಲಕ್ ನಗರಕ್ಕೆ ಹೋದೆ. ಸೈಕಲ್ ಶಾಪ್ ಅರ್ಧ ಮುಚ್ಚಿತ್ತು. ಗುಂಡಣ್ಣ ಒಬ್ಬನೇ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡುತ್ತಿದ್ದ. ನನ್ನ ಕಾಲು ಅಲ್ಲೇ ನಿಂತಿತು.

"ಬನ್ನಿ ಸಾರ್" ಎಂದು ಸ್ಟೂಲು ಒರೆಸಿಕೊಟ್ಟ. ಕೂರಲಿಲ್ಲ. ನಿಂತೇ ಓದಿದೆ. ಬುಧವಾರದ್ದು, ಶುಕ್ರವಾರದ್ದು. ಜೋಕಿನ ಹತ್ತಿರ ಬಂದಾಗ ಆ ಎರಡು ಸಾಲು ಬಿಟ್ಟು ಓದಿದೆ. ಅವನು ಎರಡು ಗಂಟೆ ಕೇಳಿದ್ದನ್ನು ಓದಿದೆ, ನಾನು ಹಾಕು ಎಂದದ್ದನ್ನು ಓದಿದೆ. ಗುಳ್ಳೆಯ ವಿಷಯ, ಕಪ್ಪು ಚುಕ್ಕೆಯ ವಿಷಯ, ಮೂರು ಮುರಿದದ್ದು, ಮೂರು ಮುರಿಯದ್ದು.

ಅವನು ಟ್ಯೂಬ್ ಕೆಳಗಿಟ್ಟ. ಬಲಗೈ ಎತ್ತಿ, ತಿರುಗಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ.

"ಹಂಗಾದ್ರೆ ನನ್ ಕೈ ನೆಟ್ಟಗೇ ಇತ್ತಾ ಸಾರ್?"

"ನೆಟ್ಟಗಿತ್ತು. ಬೆಸುಗೆಯಲ್ಲಿ ಒಂದು ತಪ್ಪಿಲ್ಲ."

"ನಾ ಕೇಳಿದ್ನಾ? ಕಾಯಿಸ್ಲಾ ಅಂತ ನಾನೇ ಕೇಳಿದ್ನಾ?"

"ಕೇಳಿದ್ದೆ."

ಅವನು ಅತ್ತ. ಮೂರು ತಿಂಗಳು ಮೇಲಾಯಿತು, ಒಬ್ಬ ಮನುಷ್ಯ ತನ್ನ ಕೈಯನ್ನೇ ನಂಬದೆ ಬದುಕಿದ್ದಾನೆ. ನಾನು ಏನೋ ಹೇಳಲು ಹೋದೆ. ಅವನಿಗೆ ಸಿಟ್ಟು ಬಂತು. ಬರಬೇಕಾದದ್ದೇ.

"ನನ್ ಹತ್ರ ಯಾಕ್ ಹೇಳ್ತೀರಿ ಸಾರ್? ಮಣ್ಣು ತೂರಿದ್ದು ನಾನಾ? ನನ್ ಹೆಂಡ್ತಿ ಬೀದಿ ನಲ್ಲಿಗೆ ನೀರಿಗೆ ಹೋಗಲ್ಲ ಈಗ. ಹೋಗಿ ಅಕ್ಕಯಮ್ಮಂಗೆ ಹೇಳಿ. ಓದ್ರಲ್ಲ ಈಗ, ಹಿಂಗೇ ಓದಿ. ಆಮೇಲೆ ಬನ್ನಿ, ಸ್ಟೂಲ್ ಹಾಕ್ತೀನಿ."

ಶಟರು ಎಳೆದ. ಬಲಗೈಯಲ್ಲಿ ಎಳೆದ.

22 ಸೆಪ್ಟೆಂಬರ್, ಬುಧವಾರ. ಸಂಜೆ 6

ಆಯುಧಪೂಜೆ ಹತ್ತಿರ ಬಂತು. ಸೀನು ಪೂಜೆಯ ಪಟ್ಟಿ ಹಿಡಿದುಕೊಂಡು ಬಂದಿದ್ದ. ಬಾಳೆಕಂದು, ಬೂದುಗುಂಬಳ, ಸೇವಂತಿಗೆ. ಹೊರಡುವಾಗ ನಗುತ್ತ ಕೇಳಿದ: "ಸಾರ್, ಈ ಸಲಾನೂ ಒಲೆಗೆ ರಜೆ ತಾನೆ? ಹೋದ ವರ್ಷ ನೀವೇ ಅಂದಿದ್ರಂತಲ್ಲ. ಶೆಡ್ಡಲ್ಲಿ ಎಲ್ರೂ ಇನ್ನೂ ಹೇಳ್ಕೊಂಡ್ ನಗ್ತಾರೆ."

ಇನ್ನೂ ಹೇಳುತ್ತಾರೆ. ತಿಮ್ಮರಾಯಪ್ಪ ಹೋದ, ಗುಂಡಣ್ಣ ಹೋದ, ಆ ಮಾತು ಮಾತ್ರ ಶೆಡ್ಡಿನಲ್ಲಿ ಉಳಿದುಕೊಂಡಿದೆ. ಇನ್ನು ಹತ್ತು ವರ್ಷ ಕಳೆದರೂ ಯಾರೋ ಒಬ್ಬ ಅದನ್ನು ಹೇಳಿ ನಕ್ಕು ಸ್ವಿಚ್ ಆರಿಸುತ್ತಾನೆ.

ಸೀನುವನ್ನು ಕೂರಿಸಿ ಎಲ್ಲ ಹೇಳಿದೆ. ಅವನ ಕೈಯಲ್ಲಿದ್ದ ಪಟ್ಟಿ ಮಡಚಿ ಮಡಚಿ ಚಿಕ್ಕದಾಯಿತು. ಓವನ್ ಆರಿಸಬಾರದೆಂದು ದೊಡ್ಡ ಅಕ್ಷರದಲ್ಲಿ ನೋಟೀಸು ಬರೆದು ನಾನೇ ಅಂಟಿಸಿದೆ. ಕೆಳಗೆ ಕಾರಣವನ್ನೂ ಬರೆದೆ. ತಿಮ್ಮರಾಯಪ್ಪನ ಹೆಸರನ್ನೂ, ನನ್ನದನ್ನೂ.

ಮಧ್ಯಾಹ್ನ ಹೊಸ ವರದಿಯ ಒಂದು ಪ್ರತಿ, ಹಾಳೆಯ ನಕಲು ಸೇರಿಸಿ, ಕಾರ್ಖಾನೆಗಳನ್ನು ನೋಡುವ ಸರ್ಕಾರದ ಇನ್ಸ್‌ಪೆಕ್ಟರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಿರುಮಲೇಶರಿಗೂ ಹೇಳಿಯೇ ಮಾಡಿದೆ. "ನಾಳೆಯಿಂದ ನಿಮಗೆ ಕೆಲಸ ಇರತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ಹೂಂ ಎಂದೆ.

ಇನ್ನೊಂದು ಬಾಕಿ. ಸುಲಭದ್ದನ್ನೆಲ್ಲ ಮೊದಲು ಮಾಡಿ ಮುಗಿಸಿದ್ದೇನೆ ಎಂದು ಈಗ ಅರಿವಾಗುತ್ತಿದೆ. ಸರ್ಕಾರಕ್ಕೆ ಬರೆಯುವುದು ಸುಲಭ.

ಉಮಾಗೆ ಹೇಳಿದೆ, ನಾಳೆ ಬೆಳಿಗ್ಗೆ ನೀನು ಹೇಗಾದರೂ ಮಾತು ತೆಗೆ, ನಾನು ಆಮೇಲೆ ಬರುತ್ತೇನೆ ಎಂದು.

"ಹಾಲಿನ ಪಾತ್ರೆ ತೊಳೆದು ಕಿಟಕಿ ಹತ್ರ ಇಟ್ಟಿರ್ತೀನಿ" ಎಂದಳು. "ನಾನು ಬಾಗಿಲಿಗೆ ಬರಲ್ಲ. ನೀವೇ ಹೋಗಿ."

23 ಸೆಪ್ಟೆಂಬರ್, ಗುರುವಾರ. ಬೆಳಿಗ್ಗೆ 5.50

ಸ್ನಾನ ಆಯಿತು. ಪೂಜೆಗೆ ಕೂತಿಲ್ಲ. ಇವತ್ತು ಕೂತರೆ ಅದು ಪೂಜೆಯಲ್ಲ, ಬಚ್ಚಿಟ್ಟುಕೊಳ್ಳುವುದು.

ಉಮಾ ಅಡಿಗೆಮನೆಯಲ್ಲಿ ಕೂತಿದ್ದಾಳೆ, ಒಲೆ ಹಚ್ಚಿಲ್ಲ. ಪಾತ್ರೆ ಕಿಟಕಿಯ ಹತ್ತಿರ ಇದೆ. ನೋಟ್‌ಬುಕ್ ತೊಡೆ ಮೇಲೆ. ಗೋಂದಿನ ಕಲೆಯಿರುವ ಹಾಳೆಯ ಹತ್ತಿರ ಬೆರಳು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕಯಮ್ಮನಿಗೆ ಓದಲು ಬರುವುದಿಲ್ಲ. ಹಾಳೆ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಲ್ಲುವ ಹಾಗಿಲ್ಲ. ನಾನೇ ಓದಬೇಕು. ಮೊದಲು ಶನಿವಾರದ್ದು ಓದಿದರೆ? ಕಡಲೆಕಾಯಿ, ಕಣ, ಅವನ ನಗು. ಅದನ್ನು ಕೇಳಿ ಅವಳ ಮನಸ್ಸು ಸ್ವಲ್ಪ... ಇಲ್ಲ. ಅದು ಲಂಚ. ಕೊನೆಗೆ ಓದುತ್ತೇನೆ, ಅವಳು ಕೇಳುವುದಕ್ಕೆ ನಿಂತಿದ್ದರೆ.

ಮಣ್ಣು ತೂರುತ್ತಾಳೆ. ತೂರಲಿ. ಗೇಟಿನ ಪಕ್ಕ ಬೇಕಾದಷ್ಟು ಇದೆ, ಅವರದೇ ಮಣ್ಣು.

ಗೇಟು.

"ಅಮ್ಮೋ, ಹಾಲು."

ಉಮಾ ಏಳಲಿಲ್ಲ. ನಾನು ಎದ್ದಿದ್ದೇನೆ, ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ. ಬುಧವಾರದಿಂದ ಶುರು ಮಾಡಬೇಕು. ಗುಂಡಣ್ಣನ ಮುಂದೆ ಬಿಟ್ಟ ಆ ಎರಡು ಸಾಲನ್ನೂ ಬಿಡದೆ, ಶೆಡ್ಡೆಲ್ಲ ನಕ್ಕಿತು ಎನ್ನುವುದನ್ನೂ ಬಿಡದೆ, ಅವಳ ಮುಖ ನೋಡಿಕೊಂಡೇ, ಒಲೆಗೂ ಒಂದು